ಒಂದು ನಡೆಯಷ್ಟು ಕರೆಂಟು

"ಕರೆಂಟ್ ಹೋದ್ಮೇಲೆ ಕಂಪ್ಯೂಟರ್ ಎಷ್ಟು ಹೊತ್ತು ನಡೀಬೇಕಮ್ಮಾ?" ಯುಪಿಎಸ್ ಅಂಗಡಿಯವನು ಕೇಳಿದ.

"ಚೆಸ್ಸಲ್ಲಿ ಒಂದು ನಡೆ ಆಡೋವಷ್ಟು," ಎಂದರು ಪಂಕಜಾಕ್ಷಿ. "ಆನ್‌ಲೈನಲ್ಲಿ ಗಜರಾಜ ಅಂತ ಯಾರೋ ಇದಾನೆ. ಅವನ ಮೇಲೆ ನಾನು ಗೆಲ್ಲೋ ಹೊತ್ತಿಗೇ ಸರಿಯಾಗಿ ಮನೇಲಿ ಕರೆಂಟ್ ಹೋಗುತ್ತೆ. ನಾಲ್ಕು ಸಲ ಆಯ್ತು!"

"ಹಾಗಾದ್ರೆ ದೊಡ್ಡದ್ಯಾಕೆ? ಈ ಹತ್ತು ನಿಮಿಷದ್ದೇ ಸಾಕು."

ಭಾನುವಾರ ಮಧ್ಯಾಹ್ನ ಗಜರಾಜನ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ. ತಕ್ಷಣ ಫ್ಯಾನು ನಿಂತಿತು. ಯುಪಿಎಸ್ ಕುಂಯ್ ಎಂದಿತು, ಪರದೆಯೂ ವೈಫೈ ದೀಪವೂ ಆರಲಿಲ್ಲ. ಪಂಕಜಾಕ್ಷಿ ರಾಣಿಯನ್ನು ನಡೆಸಿದರು. ಚೆಕ್‌ಮೇಟ್! ಕುರ್ಚಿಯಿಂದೆದ್ದು ಕುಣಿದೇಬಿಟ್ಟರು.

ಜಗುಲಿಯಲ್ಲಿ ಮೀಟರ್ ಬೋರ್ಡಿನ ಪಕ್ಕ ಮೊಬೈಲ್ ಹಿಡಿದು ನಿಂತಿದ್ದ ಗಂಡ ಕೂಗಿದರು: "ಲೇ, ಮೇನ್ ಸ್ವಿಚ್ ಆಫ್ ಮಾಡಿದ್ರೂ ಹೇಗೇ ಗೆದ್ದೆ ನೀನು?"