ಶುಕ್ರವಾರದ ಫೋನು

"ಇನ್ಮೇಲೆ ನಿನ್ನ ಕೇಳೋರೇ ಇಲ್ಲ ಕಣೇ!" ಎನ್ನುತ್ತ ಕ್ಲಿನಿಕ್ಕಿನ ರಿಸೆಪ್ಶನಿಸ್ಟ್ ಡಾರ್ಲಾ ಸಂಭ್ರಮಕ್ಕೆಂದು ತಂದ ಸಿಹಿ ರೂಬಾರ್ಬ್ ಪೈ ಕತ್ತರಿಸಿದಳು. ಡಾಕ್ಟರ ಕೈಕೆಳಗೆ ರೋಗಿಗಳನ್ನು ಪರೀಕ್ಷಿಸಿ ಔಷಧಿ ಕೊಡುವ ಫಿಜಿಷಿಯನ್ ಅಸಿಸ್ಟೆಂಟುಗಳು ಇನ್ನು ಯಾರ ಮೇಲ್ವಿಚಾರಣೆಯೂ ಇಲ್ಲದೆ ಕೆಲಸ ಮಾಡಬಹುದೆಂದು ಆ ಶುಕ್ರವಾರದಿಂದ ರಾಜ್ಯದ ನಿಯಮ ಬದಲಾಗಿತ್ತು.

ಕ್ಲಿನಿಕ್ಕಿನ ಏಕೈಕ ಫಿಜಿಷಿಯನ್ ಅಸಿಸ್ಟೆಂಟ್ ಮಾರ್ಲಿಸ್ ನಕ್ಕಳು, ಆದರೆ ಕಣ್ಣು ಗೋಡೆಯ ಫೋನಿನ ಮೇಲಿತ್ತು. ಪ್ರತಿ ಶುಕ್ರವಾರ ಸಂಜೆ ದೂರದ ಪಟ್ಟಣದ ಮುದಿ ಡಾಕ್ಟರ್ ಎಂಗ್‌ಸ್ಟ್ರಮ್‌ಗೆ ಅವಳು ಆ ಫೋನಿನಲ್ಲೇ ವಾರದ ರೋಗಿಗಳ ವರದಿ ಒಪ್ಪಿಸಬೇಕಿತ್ತು. ಆ ಹಾಳು ನಿಯಮವನ್ನು ವರ್ಷಗಟ್ಟಲೆ ಶಪಿಸಿದವಳೂ ಅವಳೇ. ಅವರು ಗೊಣಗುತ್ತಿದ್ದರು, ತಪ್ಪು ಹುಡುಕುತ್ತಿದ್ದರು, ಕೊನೆಗೆ "ಊಟ ಆಯ್ತಾ?" ಎನ್ನುತ್ತಿದ್ದರು. ಅವಳನ್ನು ಹಾಗೆ ವಿಚಾರಿಸುವವರು ಬೇರೆ ಯಾರೂ ಇರಲಿಲ್ಲ.

ಡಾರ್ಲಾ ಮನೆಗೆ ಹೋದ ಮೇಲೆ ಮಾರ್ಲಿಸ್ ಪೈ ತಟ್ಟೆಗಳನ್ನು ತೊಳೆದಿಟ್ಟಳು, ವಾರದ ಫೈಲುಗಳನ್ನು ಎರಡೆರಡು ಸಲ ಜೋಡಿಸಿದಳು. ಆಮೇಲೆ ನಂಬರು ಒತ್ತಿದಳು. ಏನು ನೆಪ ಹೇಳುವುದೆಂದು ತೋಚುವ ಮೊದಲೇ, ಮೊದಲ ರಿಂಗಿಗೇ ಡಾಕ್ಟರು ಫೋನೆತ್ತಿದರು.

"ಯಾಕಮ್ಮಾ, ಇವತ್ತು ಇಷ್ಟು ತಡ?"