ಮೂರನೇ ಅಧ್ಯಾಯ

ಗ್ರಂಥಾಲಯದ ಗುಮಾಸ್ತ ಅವಳ ಪಿಎಚ್‌ಡಿ ಪ್ರಬಂಧದ ನಕಲು ತಪಾಸಣೆ ವರದಿಯನ್ನು ಮೇಜಿನ ಮೇಲೆ ಅವಳತ್ತ ತಳ್ಳಿದ. "ಮೂರನೇ ಅಧ್ಯಾಯ ಪೂರ್ತಿ ಕೆಂಪು ಬಂದಿದೆ ನೋಡಿ ಮೇಡಂ. ಎಲ್ಲಾ ಒಂದೇ ಲೇಖನದಿಂದ ಎತ್ತಿದ್ದು ಅಂತ ತೋರಿಸ್ತಿದೆ."

ಲೇಖನ ಹೋದ ತಿಂಗಳದ್ದು. ಬರೆದವರ ಜಾಗದಲ್ಲಿ ಇದ್ದದ್ದು ಅವಳ ಗೈಡ್ ಹೆಸರೊಂದೇ. ಮಂಡಿಯುದ್ದ ಕೆಸರಿನಲ್ಲಿ ನಿಂತು ಮೂರು ವರ್ಷ ಅವಳು ಎಣಿಸಿದ ಬಸವನಹುಳುಗಳು ಒಂದೂ ಬಿಡದೆ ಅಲ್ಲಿದ್ದವು. ತಿದ್ದಿಕೊಡುತ್ತೇನೆಂದು ಆ ಅಧ್ಯಾಯವನ್ನು ಅವರೇ ಕೇಳಿ ತೆಗೆದುಕೊಂಡಿದ್ದರು.

"ಇದಕ್ಕೆ ನಿಮ್ಮ ಗೈಡ್ ಸಹಿ ಹಾಕಿಸ್ಕೊಂಡು ಬನ್ನಿ," ಎಂದ ಗುಮಾಸ್ತ.

ಗೈಡ್ ಕನ್ನಡಕ ಏರಿಸಿಕೊಂಡು ಕೆಂಪು ಪುಟಗಳನ್ನು ಒಂದೊಂದಾಗಿ ತಿರುವಿದರು. ಅವರು ಪೆನ್ನಿನ ಮುಚ್ಚಳ ತೆಗೆಯುತ್ತ ಬೇಸರದಿಂದ ತಲೆಯಾಡಿಸಿದರು.

"ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿದ್ನಲ್ಲಮ್ಮ."