ಪ್ಲಮ್ ಮರಕ್ಕೆ ಜಾಮೀನು

“ಕಡಿಯಲಾ?” ಎಂದು ಕೊಡಲಿ ಎತ್ತಿ ಕೇಳಿದ ತಿಹೊಮಿರ್.

“ಕಡೀರಿ ಮಾವ” ಎಂದಳು ಸೊಸೆ ನೆವೆನಾ.

ಎತ್ತಿದ ಕೊಡಲಿ ಎತ್ತಿದಂತೆಯೇ ನಿಂತಿತು. ಕ್ರಿಸ್‌ಮಸ್ ಹಿಂದಿನ ಬೆಳಿಗ್ಗೆ, ಕಾಯಿ ಬಿಡದ ಮರವನ್ನು ಕೊಡಲಿ ತೋರಿಸಿ ಹೆದರಿಸುವುದು ಆ ಊರಿನ ವಾಡಿಕೆ. ಒಬ್ಬರು ಕಡಿಯಲಾ ಎಂದು ಕೇಳಬೇಕು. ಇನ್ನೊಬ್ಬರು ‘ಬೇಡ, ಈ ವರ್ಷ ಬಿಡುತ್ತೆ’ ಎಂದು ಮರದ ಪರವಾಗಿ ಜಾಮೀನು ನಿಲ್ಲಬೇಕು. ಮೂರು ಸಲ ಹೀಗೆ ಕೇಳಿ, ಹೇಳಿ, ಮನೆಗೆ ಹೋಗಿ ರಾಕಿಯಾ ಎಂಬ ಹಣ್ಣಿನ ಸಾರಾಯಿಯನ್ನು ಬಿಸಿಬಿಸಿ ಕುಡಿದರೆ ಮುಗಿಯಿತು. ಈ ಪ್ಲಮ್ ಮರವನ್ನು ಬೆಟ್ಟದ ಬುಡದ ತಗ್ಗಿನಲ್ಲಿ ನೆಟ್ಟವಳು ತಿಹೊಮಿರನ ಹೆಂಡತಿ ಸ್ಟಾನಿಯಾ. ಹನ್ನೊಂದು ವರ್ಷ ಜಾಮೀನು ನಿಂತವಳೂ ಅವಳೇ. ಮರ ಒಂದು ವರ್ಷವೂ ಅವಳ ಮಾತು ಉಳಿಸಿರಲಿಲ್ಲ. ಹೋದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಈಗ ಅವಳ ಜಾಗದಲ್ಲಿ ನಿಂತಿರುವವಳು ದೂರದ ಬಯಲು ನಾಡಿನ ಸಸಿತೋಟದವರ ಮಗಳು. ಹೇಳಬೇಕಾದ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಏನಂದೆ?”

“ಕಡೀರಿ ಅಂದೆ. ಬೆಟ್ಟದ ಚಳಿಯೆಲ್ಲ ಇಳಿದು ಬಂದು ಈ ತಗ್ಗಲ್ಲೇ ಕೂರುತ್ತೆ. ಏಪ್ರಿಲ್ ಬಂತು ಅಂದ್ರೆ ಹೂವೆಲ್ಲ ಕರಕಲು. ಪಾಪ, ಮರ ತಾನೇ ಏನು ಮಾಡುತ್ತೆ?”

ಬೇಲಿಯಾಚೆ ಪಕ್ಕದ ಮನೆಯ ಓಬ್ರೆನ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಕೇಳಿದ್ದು ನೀನೇ ತಿಹೊಮಿರ್, ಅಪ್ಪಣೆಯೂ ಆಯ್ತು. ಈಗ ನೀನು ಹಿಂದೆ ಸರಿದ್ರೆ ಊರಲ್ಲಿ ಯಾವ ಮರಾನೂ ಇನ್ನು ಕೊಡಲಿಗೆ ಹೆದರಲ್ಲ ನೋಡು.”

ತಿಹೊಮಿರನಿಗೆ ನಗು ಬರಲಿಲ್ಲ. ಈ ಮರ ಕಡಿಯುವುದೂ ಒಂದೇ, ಸ್ಟಾನಿಯಾಳನ್ನು ಇನ್ನೊಮ್ಮೆ ಮಣ್ಣು ಮಾಡುವುದೂ ಒಂದೇ. “ನಿಮ್ಮತ್ತೆ ನೆಟ್ಟಿದ್ದು ಕಣಮ್ಮ” ಎಂದ.

“ಗೊತ್ತು ಮಾವ, ಅದಕ್ಕೇ ಹೇಳ್ತಿರೋದು. ಬುಡ ಯಾರು ಕೇಳಿದ್ರು? ಒಂದು ಕೊಂಬೆ ಕಡಿದು ಕೊಡಿ ಸಾಕು. ಅದರ ಕಡ್ಡಿಗಳನ್ನ ನೆಲಮಾಳಿಗೆಯ ಮರಳಲ್ಲಿ ಇಟ್ಟಿರ್ತೀನಿ. ಚಳಿಗಾಲ ಕಳೀಲಿ, ಮೇಲಿನ ಇಳಿಜಾರಲ್ಲಿರೋ ಕಾಡು ಪ್ಲಮ್‌ಗೆ ಕಸಿ ಕಟ್ತೀನಿ. ಅಲ್ಲಿ ಚಳಿ ನಿಲ್ಲಲ್ಲ. ಅತ್ತೆ ಮರ ಅಲ್ಲಾದ್ರೂ ಹಣ್ಣು ಕೊಡ್ಲಿ.”

ತಿಹೊಮಿರ್ ಕಣ್ಣು ಮುಚ್ಚಿಕೊಂಡು ಒಂದು ಕೊಂಬೆಗೆ ಏಟು ಹಾಕಿದ. ಮರ ಅಲ್ಲಾಡಿ ತನ್ನ ಮೇಲಿದ್ದ ಹಿಮವನ್ನೆಲ್ಲ ಅವನ ತಲೆಗೆ ಸುರಿಯಿತು.

ಕಸಿ ಹತ್ತಿತು. ಬೇಸಿಗೆಯ ಹೊತ್ತಿಗೆ ಮೊಳದುದ್ದದ ಚಿಗುರು ಬಂತು. ಊರಿಗೆ ಊರೇ ನೋಡಿದ್ದು ಮಾತ್ರ ತಗ್ಗಿನ ಹಳೇ ಮರವನ್ನು. ಅದು ಹನ್ನೊಂದು ವರ್ಷದ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ತೀರಿಸುವಂತೆ ಕಾಯಿ ಬಿಟ್ಟಿತು. ಕೊಂಬೆಗಳಿಗೆ ಊರುಗೋಲು ಕೊಡಬೇಕಾಯಿತು.

“ಈ ಏಪ್ರಿಲ್‌ನಲ್ಲಿ ಚಳಿ ಬೀಳ್ಲಿಲ್ಲ, ಅಷ್ಟೇ ಮಾವ” ಎಂದಳು ನೆವೆನಾ, ಬಾಯಿ ತುಂಬ ಹಣ್ಣು ಇಟ್ಟುಕೊಂಡು.

“ಸುಮ್ನಿರಮ್ಮ. ನಿಮ್ಮತ್ತೆ ಮುದ್ದು ಮಾಡಿ ಕೆಡಿಸಿದ್ಲು. ನಿನ್ನ ಬಾಯಿಗೆ ಹೆದರಿ ದಾರಿಗೆ ಬಂತು.” ತಿಹೊಮಿರನಿಗೆ ಆ ದಿನ ಖುಷಿ ಹಿಡಿಸಲಾರದಷ್ಟಿತ್ತು.

ಮತ್ತೆ ಕ್ರಿಸ್‌ಮಸ್ ಬಂತು. ಹಬ್ಬದ ಹಿಂದಿನ ಬೆಳಿಗ್ಗೆ ಸೌದೆ ತರಲು ಹೊರಗೆ ಬಂದ ನೆವೆನಾ ನೋಡುತ್ತಾಳೆ, ಗೇಟಿನ ಮುಂದೆ ಹಿಮದಲ್ಲಿ ನಾಲ್ವರು ಗಂಡಸರು, ನಾಲ್ವರ ಹೆಗಲ ಮೇಲೂ ಕೊಡಲಿ. ಎಲ್ಲರಿಗಿಂತ ಮುಂದೆ ಓಬ್ರೆನ್, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

“ನಮ್ಮ ಪಿಯರ್ ಮರ ಆರು ವರ್ಷದಿಂದ ಬಿಟ್ಟಿಲ್ಲ ಮಗಳೇ. ಒಂದ್ಸಲ ಬಂದು ‘ಕಡೀರಿ’ ಅಂದು ಹೋಗ್ತೀಯಾ?”

ನೆವೆನಾ ಮಾವನಿಗಾಗಿ ಅತ್ತಿತ್ತ ನೋಡಿದಳು. ಅವನು ಆಗಲೇ ಮೇಲಿನ ಇಳಿಜಾರು ಹತ್ತಿ, ಮೊಳದುದ್ದದ ಕಸಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತಿದ್ದ.

“ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗ್ರಪ್ಪಾ. ಇದರ ಹತ್ರ ಮಾತ್ರ ಅವಳನ್ನ ತರಬೇಡಿ” ಎಂದು ಅಲ್ಲಿಂದಲೇ ಕೂಗಿದ. “ಇದಿನ್ನೂ ಕೂಸು. ಇದಕ್ಕೆ ಜಾಮೀನು ನಾನು.”